ಹೊಗೆ ಬಂತು ಅಂತ ಎಂಜಿನ್ ಇಳಿಸಬೇಡಿ

ಪ್ರಶ್ನೆ: ಸರ್, ನಮಸ್ಕಾರ. ನನ್ನದು 2012ರ ಡೀಸೆಲ್ ಪಿಕಪ್. ನಾಲ್ಕು ಸಿಲಿಂಡರ್, ಟರ್ಬೊ ಇದೆ. ಪೀಣ್ಯ ಎರಡನೇ ಹಂತದಿಂದ ಕಾಸ್ಟಿಂಗ್, ಬಾರ್, ಪ್ಲೇಟಿಂಗ್ ಮಾಲು ಹೊಡೆಯುತ್ತೇನೆ. 2,80,000 ಕಿ.ಮೀ. ಓಡಿದೆ. ಆರು ತಿಂಗಳಿಂದ ನೀಲಿ ಹೊಗೆ. 1,000 ಕಿ.ಮೀ.ಗೆ ಒಂದು ಲೀಟರ್‌ಗಿಂತ ಜಾಸ್ತಿ ಆಯಿಲ್ ಕುಡಿಯುತ್ತಿದೆ. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಒಂದು ಗ್ಯಾರೇಜಿನವರು ಎಂಜಿನ್ ಹೋಗಿದೆ, ಪೂರ್ತಿ ಬಿಚ್ಚಿ ಕೆಲಸ ಮಾಡಲು 95,000 ರೂಪಾಯಿ ಅಂದರು. ಇನ್ನೊಬ್ಬರು ಶಿವಾಜಿನಗರದ ಗುಜರಿಯಿಂದ ಹಳೇ ಎಂಜಿನ್ ತಂದು 70,000ಕ್ಕೆ ಕೂರಿಸಿಕೊಡುತ್ತಾರಂತೆ. ಶೋರೂಮಿನಲ್ಲಿ ನನ್ನ ಗಾಡಿಗೆ 1,60,000 ಹಿಡಿದು ಹೊಸದು ಕೊಡುತ್ತಾರೆ, ಮೇಲೆ 8 ಲಕ್ಷ ಸಾಲ ಬೀಳುತ್ತದೆ. ಸ್ಟ್ಯಾಂಡಿನಲ್ಲಿ ಎಲ್ಲರೂ, 15 ವರ್ಷ ಆದ ಮೇಲೆ ಸರ್ಕಾರವೇ ಗುಜರಿಗೆ ಹಾಕುತ್ತೆ, ಇದಕ್ಕೆ ಯಾಕೆ ದುಡ್ಡು ಸುರಿಯುತ್ತೀಯ ಅಂತಾರೆ. ಮಗಳು ಈ ವರ್ಷ ಕಾಲೇಜಿಗೆ ಸೇರುತ್ತಾಳೆ. ಸಾಲ ಅಂದರೆ ಭಯ. ಏನು ಮಾಡಲಿ?
— ಒಬ್ಬ ಓದುಗರು, ಲಗ್ಗೆರೆ

ಉತ್ತರ: ಮೂರು ಜನ ಮೂರು ರೇಟು ಹೇಳಿದ್ದಾರೆ. ಆದರೆ ಒಬ್ಬರಾದರೂ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ ನೋಡಿದರು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಹೊಗೆ ನೋಡಿ ರೇಟು ಹೇಳಿದ್ದಾರೆ ಅಷ್ಟೇ. ದಯವಿಟ್ಟು ಈಗಲೇ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಎರಡು ದಿನ ಬಾಡಿಗೆ ಬಿಟ್ಟರೂ ಪರವಾಗಿಲ್ಲ, ಮೊದಲು ಎಂಜಿನ್ ನಿಜವಾಗಿ ಹೋಗಿದೆಯಾ ಅಂತ ನೋಡಿಸಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಅಂತ ಮಾತ್ರ ಅರ್ಥ. ಆ ಆಯಿಲ್ ಪಿಸ್ಟನ್ ರಿಂಗ್ ದಾಟಿ ಮೇಲೆ ಬರಬಹುದು, ವಾಲ್ವ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟು ಅಲ್ಲಿಂದ ಇಳಿಯಬಹುದು, ಅಥವಾ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಬರಬಹುದು. ಟರ್ಬೊ ಇರುವ ಗಾಡಿಗಳಲ್ಲಿ ಈ ಮೂರನೇ ಕಾರಣವನ್ನು ತುಂಬಾ ಜನ ನೋಡುವುದೇ ಇಲ್ಲ. ಟರ್ಬೊದ ಶಾಫ್ಟ್ ಸವೆದು ಆಟ ಬಂದರೆ ಆಯಿಲ್ ಸೀದಾ ಗಾಳಿ ಹೋಗುವ ಪೈಪಿಗೆ ಸೇರುತ್ತದೆ. ಎಂಜಿನ್ ಒಳಗೆ ಏನೂ ಆಗಿರದಿದ್ದರೂ ಹಿಂದೆ ನೀಲಿ ಹೊಗೆ ಸುರಿಯುತ್ತದೆ. ಟರ್ಬೊದ ಮುಂದಿನ ಹೋಸ್ ಬಿಚ್ಚಿಸಿ, ಗಾಡಿ ಪೂರ್ತಿ ತಣ್ಣಗಿದ್ದಾಗ ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರುವುದು ಸಹಜ. ಹಿಂದೆ ಮುಂದೆ ಟಕ್ ಟಕ್ ಅಂತ ಆಡಿದರೆ, ರೆಕ್ಕೆ ಸುತ್ತಲಿನ ಗೋಡೆಗೆ ಉಜ್ಜಿದ ಗುರುತಿದ್ದರೆ, ಟರ್ಬೊ ಕೆಲಸ ಬೇಕು. ಅದರ ಖರ್ಚೇ ಬೇರೆ, ಎಂಜಿನ್ ಕೆಲಸದ ಖರ್ಚೇ ಬೇರೆ.

ಆಮೇಲೆ ಇನ್ನೊಂದು ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸ್ಲೋದಲ್ಲಿ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ, ಕೈ ಹುಷಾರು, ಬಿಸಿ ಆಯಿಲ್ ಸಿಡಿಯಬಹುದು. ಆ ಮುಚ್ಚಳವನ್ನು ತಿರುಗಿಸಿ ಕೂರಿಸದೆ, ಅಡಿಮೇಲು ಮಾಡಿ ತೂತಿನ ಮೇಲೆ ಸುಮ್ನೆ ಇಡಿ. ಸ್ವಲ್ಪ ನಡುಗಿದರೆ ತೊಂದರೆಯಿಲ್ಲ. ಅದು ಕುಣಿದು ಕುಣಿದು ಪಕ್ಕಕ್ಕೆ ಬಿದ್ದರೆ, ತೂತಿನಿಂದ ದೋಸೆ ಹೆಂಚಿನ ಹಾಗೆ ಬುಸು ಬುಸು ಹೊಗೆ ಎದ್ದರೆ, ಸಿಲಿಂಡರಿನ ಗಾಳಿ ರಿಂಗ್ ದಾಟಿ ಕೆಳಗೆ ಬರುತ್ತಿದೆ ಅಂತ. ಆಗ ಅನುಮಾನ ರಿಂಗ್ ಮತ್ತು ಬೋರ್ (ಸಿಲಿಂಡರಿನ ಒಳಗೋಡೆ) ಕಡೆ ತಿರುಗುತ್ತದೆ.

ಕೊನೆಯ ಮಾತು ಹೇಳುವುದು ಕಂಪ್ರೆಶನ್ ಗೇಜ್. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ ನೋಡಿ, ಗಾಳಿಯನ್ನು ಒತ್ತಿ ಒತ್ತಿ ಬರುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಆ ಒತ್ತಡ ಸೋರಿದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ನಿಮ್ಮ ಗಾಡಿಯ ಬೆಳಗಿನ ತೊಂದರೆಗೆ ಇದು ಒಂದು ಕಾರಣ ಇರಬಹುದು. ಸೋತ ಬ್ಯಾಟರಿ, ಸವೆದ ಸ್ಟಾರ್ಟರ್, ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಇವೂ ಇರಬಹುದು, ಅವನ್ನು ಮೊದಲು ನೋಡಿ. ಗೇಜ್ ಹಾಕಿದಾಗ ನಾಲ್ಕು ಸಿಲಿಂಡರಿಗೂ ಎಷ್ಟೆಷ್ಟು ಬಂತು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಒತ್ತಡ 400 ಪಿಎಸ್‌ಐ ಆಸುಪಾಸು ಇರುತ್ತದೆ, ನಿಮ್ಮದಕ್ಕೆ ಎಷ್ಟು ಅನ್ನುವುದು ಸರ್ವೀಸ್ ಪುಸ್ತಕದಲ್ಲಿ ಸಿಗುತ್ತದೆ. ನಾಲ್ಕೂ ಒಟ್ಟಿಗೆ 300ಕ್ಕಿಂತ ಕೆಳಗೆ ಇಳಿದಿದ್ದರೆ ಬೋರ್ ಸವೆದಿದೆ, ಎಂಜಿನ್ ಬಿಚ್ಚಲೇಬೇಕು. ಮೂರು ಚೆನ್ನಾಗಿದ್ದು ಒಂದು ಮಾತ್ರ ಬಿದ್ದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಎಷ್ಟೋ ಸಲ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಭಾಗ ಮಾತ್ರ ಇಳಿಸಿ ಮಾಡುವ ಕೆಲಸದಲ್ಲೇ ಮುಗಿಯುತ್ತದೆ.

ಸರಿ, ಎಂಜಿನ್ ಹೋಗಿದೆ ಅಂತಲೇ ಗೊತ್ತಾಯಿತು ಅಂದುಕೊಳ್ಳಿ. ಆಗಲೂ 95,000 ಎಣಿಸುವ ಮೊದಲು ಗಾಡಿ ಕೆಳಗೆ ಮಲಗಿ ನೋಡಬೇಕು. ಒಂದು ಸಣ್ಣ ಸುತ್ತಿಗೆ ತೆಗೆದುಕೊಳ್ಳಿ. ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಯ ಎರಡೂ ಉದ್ದನೆ ಕಂಬಿಗಳನ್ನು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಜಾಗ ಡಬ್ ಅನ್ನುತ್ತದೆ, ಪದರ ಪದರವಾಗಿ ಉದುರುತ್ತದೆ. ಪ್ಲೇಟ್ ಕಟ್ಟುಗಳು (ಸ್ಪ್ರಿಂಗ್ ಪಟ್ಟಿಗಳು) ಚಾಸಿಗೆ ಸೇರುವ ಕಡೆ, ಬಾಡಿಯ ಅಡ್ಡ ಪಟ್ಟಿ ಕೂರುವ ಕಡೆ ಜಾಸ್ತಿ ಹೊತ್ತು ನಿಲ್ಲಿ, ಅಲ್ಲೇ ನೀರು, ಮಣ್ಣು ಕೂತು ಕೊಳೆಯುವುದು. ನೀವು ಪ್ಲೇಟಿಂಗ್ ಮಾಲು ಹೊಡೆಯುತ್ತೀರಿ. ಒದ್ದೆ ಮಾಲಿನಿಂದ ಸೋರುವ ಆಸಿಡ್ ನೀರು ಬಾಡಿಯ ಹಲಗೆ ದಾಟಿ ಚಾಸಿ ಮೇಲೆ ಬಿದ್ದಿದ್ದರೆ ಒಳಗೊಳಗೇ ತಿಂದಿರುತ್ತದೆ. ಬಿರುಕಿಗೆ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಹಾಕಿದ ಚಾಸಿ ಇದ್ದರೆ ನನ್ನ ಉತ್ತರ ಸ್ಪಷ್ಟ, ಅದಕ್ಕೆ ಹೊಸ ಎಂಜಿನ್ ಬೇಡ. ಎಂಜಿನ್ ಹೊಸದಾಗಬಹುದು, ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರಕ್ಕೆ, ಅಂದರೆ ಎಫ್‌ಸಿಗೆ ಹೋಗುವುದು ಪೂರ್ತಿ ಗಾಡಿ. ಅದಕ್ಕಿಂತ ಮುಖ್ಯವಾಗಿ ನೀವು ಅದರೊಳಗೆ ಕೂತಿರುತ್ತೀರಿ.

15 ವರ್ಷದ ವಿಷಯ. ಇದನ್ನು ಹೇಳಿ ಹೇಳಿ ತುಂಬಾ ಜನರನ್ನು ಹೆದರಿಸಿದ್ದಾರೆ, ಅದು ನನಗೆ ಬೇಸರ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದರೆ ನೋಂದಣಿ ರದ್ದಾಗುವುದು ಸರ್ಕಾರಿ ಗಾಡಿಗಳಿಗೆ. ದೆಹಲಿಯಲ್ಲಿ 10 ವರ್ಷದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದು ಆ ಭಾಗಕ್ಕೆ, ಬೆಂಗಳೂರಿಗಲ್ಲ. ನಿಮ್ಮ ಗಾಡಿಗೆ 8 ವರ್ಷ ದಾಟಿರುವುದರಿಂದ ಪ್ರತಿ ವರ್ಷ ಎಫ್‌ಸಿ ಮಾಡಿಸುತ್ತಿದ್ದೀರಿ. 15 ಆದ ಮೇಲೂ ಪಾಸಾದರೆ ಓಡಿಸಬಹುದು. ಆದರೆ ಎಫ್‌ಸಿ ಶುಲ್ಕ ಆಗ ತುಂಬಾ ಜಾಸ್ತಿಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಿಮ್ಮದು 2027ಕ್ಕೆ 15 ಮುಟ್ಟುತ್ತದೆ. ಹಾಗಾಗಿ ಈಗ ಹಾಕುವ ದುಡ್ಡು ಎರಡು ವರ್ಷದೊಳಗೆ ದುಡಿದು ವಾಪಸ್ ಬರಬೇಕು ಅಂತ ಅಂದುಕೊಂಡೇ ಲೆಕ್ಕ ಹಾಕಿ. ಅದರ ಮೇಲೆ ಓಡಿದ್ದು ಲಾಭ.

ಲೆಕ್ಕ ಹೀಗಿದೆ. 95,000ವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 4,000 ಆಗುತ್ತದೆ. 8 ಲಕ್ಷ ಸಾಲ, ಶೇಕಡ 11 ಬಡ್ಡಿ, ನಾಲ್ಕು ವರ್ಷ ಅಂದರೆ ತಿಂಗಳ ಕಂತು 20,700ರ ಹತ್ತಿರ. ಮಳೆ ಬರಲಿ, ಪೀಣ್ಯದಲ್ಲಿ ಆರ್ಡರ್ ಕಡಿಮೆಯಾಗಲಿ, 5ನೇ ತಾರೀಖು ಕಟ್ಟಲೇಬೇಕು. ಆದರೆ 95,000 ಅಂತ ಹೇಳಿದ ಕೆಲಸ 95,000ಕ್ಕೆ ಮುಗಿಯುವುದು ಅಪರೂಪ. ಎಂಜಿನ್ ಬಿಚ್ಚಿದ ಮೇಲೆ ಕ್ರ್ಯಾಂಕ್ ಗೆರೆ ಬಿದ್ದಿದೆ, ಗ್ರೈಂಡಿಂಗ್ ಆಗಬೇಕು ಅಂತಾರೆ, ಹೆಡ್ಡಲ್ಲಿ ಬಿರುಕು ಸಿಗುತ್ತದೆ, ಆಯಿಲ್ ಪಂಪ್ ಸವೆದಿರುತ್ತದೆ. ಕೈಯಲ್ಲಿ ಇನ್ನೂ 30,000 ಇಲ್ಲದೆ ಎಂಜಿನ್ ಇಳಿಸಬೇಡಿ, ಅರ್ಧ ಬಿಚ್ಚಿದ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಬಡ್ಡಿ ಸಾಲಕ್ಕೆ ಕೈ ಹಾಕಬೇಕಾಗುತ್ತದೆ. ಹೇಗೂ ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಆಗಲೇ ಹಾಕಿಸಿಬಿಡಿ. ಆಮೇಲೆ ಇವಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ದಂಡ. ಗಾಡಿ ನಿಂತ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ, ಬಾಡಿಗೆ ಪಾರ್ಟಿಗಳನ್ನು ಕಳೆದುಕೊಳ್ಳದ ಹಾಗೆ ಆ ದಿನಗಳಿಗೆ ಸ್ನೇಹಿತರ ಗಾಡಿ ಮಾತಾಡಿಟ್ಟುಕೊಳ್ಳಿ.

ಗುಜರಿ ಎಂಜಿನ್ ಬಗ್ಗೆ ಒಂದು ಮಾತು. ಶಿವಾಜಿನಗರದಲ್ಲಿ ಒಳ್ಳೇ ಎಂಜಿನ್ ಸಿಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಅಪಘಾತವಾಗಿ ಬಂದ ಕಡಿಮೆ ಓಡಿದ ಗಾಡಿಯ ಎಂಜಿನ್ ಸಿಕ್ಕರೆ ಅದೃಷ್ಟ. ಆದರೆ ಅದು ಎಷ್ಟು ಓಡಿದೆ, ಯಾಕೆ ಇಳಿಸಿದರು ಅನ್ನುವುದು ನಿಮಗೆ ಗೊತ್ತಾಗುವ ದಾರಿಯಿಲ್ಲ. ನಿಮ್ಮ ಎಂಜಿನ್‌ನ ಕಥೆ ನಿಮಗೆ ಗೊತ್ತು. 25,000 ಉಳಿಸಲು ಗೊತ್ತಿಲ್ಲದ ಎಂಜಿನ್ ಹಾಕಿಸಿಕೊಳ್ಳುವುದಕ್ಕಿಂತ, ನಿಮ್ಮದನ್ನೇ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುವುದು ನನಗೆ ಸರಿ ಅನಿಸುತ್ತದೆ. ಸಾಮಾನನ್ನು ಜೆ.ಸಿ. ರಸ್ತೆಯಲ್ಲಿ ನೀವೇ ಹೋಗಿ ಬಿಲ್ ಸಮೇತ ತನ್ನಿ. ಹಳೇ ಪಿಸ್ಟನ್, ಹಳೇ ಬೇರಿಂಗ್ ವಾಪಸ್ ಕೊಡಿ ಅಂತ ಮೊದಲೇ ಹೇಳಿ. ಒಳ್ಳೇ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ವಿಷಯ. ಎಂಜಿನ್ ಯಾಕೆ ಹೋಯಿತು ಅಂತ ಹುಡುಕದೆ ಹೊಸದಾಗಿ ಕಟ್ಟಬೇಡಿ. ನಮ್ಮ ಸೋದರಮಾವ ಮೆಟಡೋರ್ ಓಡಿಸುತ್ತಿದ್ದರು. ಒಂದು ವರ್ಷ ಎಂಜಿನ್ ಕಾದು ಹಿಡಿದುಕೊಂಡಿತು. ಪೂರ್ತಿ ಕೆಲಸ ಮಾಡಿಸಿದರು, ಅತ್ತೆಯ ಬಳೆ ಅಡ ಇಟ್ಟು. ನಾಲ್ಕು ತಿಂಗಳಿಗೆ ನೆಲಮಂಗಲ ರಸ್ತೆಯಲ್ಲಿ ಮತ್ತೆ ಹೆಡ್ ಗ್ಯಾಸ್ಕೆಟ್ ಹೋಯಿತು. ಎರಡನೇ ಸಲ ಬೇರೆ ಮೇಸ್ತ್ರಿ ರೇಡಿಯೇಟರಿನ ಮೇಲಿನ ತೊಟ್ಟಿ ಬಿಚ್ಚಿ ತೋರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥದೇ ಬಿಳಿ ಸುಣ್ಣದ ಪದರ. ಸಣ್ಣ ಕೊಳವೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗಿದ್ದವು, ಒಂದು ತೆಳ್ಳನೆ ತಂತಿ ತೂರಿಸಿದರೆ ಒಳಗೆ ಹೋಗುತ್ತಿರಲಿಲ್ಲ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹುಯ್ದಿದ್ದರು. ಮೊದಲನೇ ಸಲ ಎಂಜಿನ್ ಕಟ್ಟಿದವರು ರೇಡಿಯೇಟರ್ ಮುಟ್ಟಿಯೇ ಇರಲಿಲ್ಲ. ಆ ಬಳೆಗಳು ಮತ್ತೆ ಮನೆಗೆ ಬರಲಿಲ್ಲ. ಬೆಂಗಳೂರಿನ ಗಡಸು ನೀರು ಕುಡಿದ ರೇಡಿಯೇಟರಿಗೆ ಹೊಸ ಎಂಜಿನ್ ಜೋಡಿಸುವುದನ್ನು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ರೇಡಿಯೇಟರ್ ಬಿಚ್ಚಿ ರಾಡ್ ಹಾಕಿಸಿ ಶುದ್ಧ ಮಾಡಿಸಿ, ತೀರಾ ಹೋಗಿದ್ದರೆ ಹೊಸದು ಹಾಕಿಸಿ, ಕೂಲಂಟ್ ತುಂಬಿಸಿ. ಥರ್ಮೋಸ್ಟಾಟ್ ಇದೆಯಾ ನೋಡಿ. ನಮ್ಮ ಕಡೆ ಬಿಸಿಯಾಗುತ್ತೆ ಅಂತ ಅದನ್ನು ಕಿತ್ತು ಬಿಸಾಡುವ ಅಭ್ಯಾಸ ಇದೆ, ಆಗ ಎಂಜಿನ್ ಸರಿಯಾಗಿ ಬಿಸಿಯೇ ಆಗದೆ ಬೋರ್ ಬೇಗ ಸವೆಯುತ್ತದೆ. ಇನ್ನೊಂದು, ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ರಬ್ಬರ್ ಹೋಸ್. ಅದರಲ್ಲಿ ಒಂದು ಸಣ್ಣ ಸೀಳು ಇದ್ದರೂ ಪೀಣ್ಯದ ಧೂಳೆಲ್ಲ ಫಿಲ್ಟರ್ ದಾಟದೆ ಸೀದಾ ಒಳಗೆ ಹೋಗುತ್ತದೆ. ಹೊಸ ರಿಂಗ್ ಹಾಕಿದ ಎಂಜಿನ್ ಅಂಥ ಧೂಳಿಗೆ ಕೆಲವೇ ತಿಂಗಳಲ್ಲಿ ಸವೆದು ಹೋಗುತ್ತದೆ. ಹೋಸಿನ ಒಳಗೆ ಬೆರಳು ಸವರಿ, ಮಣ್ಣು ಹತ್ತಿದರೆ ಕಳ್ಳ ಸಿಕ್ಕಿದ ಅಂತ ತಿಳಿಯಿರಿ.

ನನ್ನ ತೀರ್ಮಾನ ಕೇಳಿದ್ದೀರಿ, ಹೇಳಿಬಿಡುತ್ತೇನೆ. ಚಾಸಿ ಗಟ್ಟಿಯಿದ್ದು ಕಂಪ್ರೆಶನ್ ಬಿದ್ದಿದ್ದರೆ ನಿಮ್ಮ ಎಂಜಿನ್‌ಗೇ ಕೆಲಸ ಮಾಡಿಸಿ. ಮಗಳ ಕಾಲೇಜಿನ ಮೊದಲ ಎರಡು ವರ್ಷ ತಲೆ ಮೇಲೆ ಕಂತು ಇಲ್ಲದೆ ಕಳೆಯುವುದು ಸಣ್ಣ ನೆಮ್ಮದಿಯಲ್ಲ. ಚಾಸಿ ಹೋಗಿದ್ದರೆ ಹೊಸದಕ್ಕೆ ಹೋಗಿ. ಸರಕು ಗಾಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ, ಶೋರೂಮಿನವರು ಕೊಟ್ಟ ಕೊಟೇಶನ್‌ನಲ್ಲಿ ಅದು ಇದೆಯಾ ನೋಡಿಕೊಳ್ಳಿ. ಹಳೇ ಗಾಡಿಯನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಒಂದು ಪ್ರಮಾಣಪತ್ರ ಸಿಗುತ್ತದೆ, ಅದನ್ನು ತೋರಿಸಿದರೆ ಹೊಸ ಸರಕು ಗಾಡಿಯ ರಸ್ತೆ ತೆರಿಗೆಯಲ್ಲಿ ಶೇಕಡ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಶೋರೂಮಿನ 1,60,000ದ ಜೊತೆ ಇದನ್ನೂ ಇಟ್ಟು ತೂಗಿ ನೋಡಿ. ನೀವು ಮಾಲು ಹೊಡೆಯುವ ಕಂಪನಿಗಳು ಹಳೇ ಗಾಡಿ ಗೇಟಿನೊಳಗೆ ಬಿಡುವುದಿಲ್ಲ ಅಂತ ಈಗಾಗಲೇ ಹೇಳುತ್ತಿದ್ದರೆ ಮಾತ್ರ ನನ್ನ ಲೆಕ್ಕ ಬದಲಾಗುತ್ತದೆ. ಅವರನ್ನು ಒಂದು ಸಲ ಕೇಳಿ.

ಪ್ರಶ್ನೆ: ಹೋದ ವರ್ಷ ನನ್ನ ಪಿಕಪ್‌ಗೆ ಬೇರೆ ಎಂಜಿನ್ ಹಾಕಿಸಿದೆ. ಆರ್‌ಸಿಯಲ್ಲಿ ಹಳೇ ನಂಬರೇ ಇದೆ. ಏನೂ ಆಗಲ್ಲ ಅಂದಿದ್ದರು. ಈಗ ಎಫ್‌ಸಿ ಬರುತ್ತಿದೆ, ಹೆದರಿಕೆಯಾಗುತ್ತಿದೆ.
— ಒಬ್ಬ ಓದುಗರು, ಹೊಸಕೋಟೆ

ಉತ್ತರ: ಎಫ್‌ಸಿಗೆ ಮೊದಲೇ ಸರಿ ಮಾಡಿಸಿ. ಎಂಜಿನ್ ಬದಲಿಸಿದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂನಲ್ಲೇ ಇದೆ. ಎಂಜಿನ್ ಕೊಂಡ ಬಿಲ್ ಹುಡುಕಿ, ಯಾವ ಗಾಡಿಯಿಂದ ಬಂತು ಅನ್ನುವ ಕಾಗದ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಗಾಡಿ ಮೇಲೆ ಸಾಲ ಇದ್ದರೆ ಫೈನಾನ್ಸಿನವರ ಒಪ್ಪಿಗೆ ಪತ್ರ ಬೇಕು. ಎಂಜಿನ್ ನಂಬರಿನ ಮೇಲೆ ಗ್ರೀಸು, ಮಣ್ಣು ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆಯಿರಿ. ಪ್ರತಿ ಅಂಕಿಯೂ ಬಿಲ್ಲಿನ ಜೊತೆ ತಾಳೆಯಾಗಬೇಕು. ಆ ನಂಬರನ್ನು ಯಾರಾದರೂ ಉಜ್ಜಿ ಮತ್ತೆ ಗುದ್ದಿದ ಹಾಗೆ ಕಂಡರೆ ತಡ ಮಾಡಬೇಡಿ, ಮಾರಿದವರನ್ನು ಕೇಳಿ, ಒಬ್ಬ ವಕೀಲರಿಗೂ ತೋರಿಸಿ. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ಕಷ್ಟ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಇನ್ಶೂರೆನ್ಸಿನವರಿಗೂ ಬರೆದು ತಿಳಿಸಿ. ನಂಬರ್ ತಾಳೆಯಾಗದ ಗಾಡಿ ಅಪಘಾತ ಮಾಡಿದರೆ ಕ್ಲೇಮ್ ಸಮಯದಲ್ಲಿ ಜಗಳ ಗ್ಯಾರಂಟಿ.

ಪ್ರಶ್ನೆ: ನಮ್ಮ ಯಜಮಾನರ ಗಾಡಿಗೆ ಎಂಜಿನ್ ಕೆಲಸ ಮುಗಿದು ನಾಳೆ ಬರುತ್ತದೆ. ಲೆಕ್ಕಪತ್ರ ನೋಡುವವಳು ನಾನು. ಮೇಸ್ತ್ರಿ ರಾತ್ರಿಯೆಲ್ಲ ಸ್ಲೋದಲ್ಲಿ ಓಡಿಸಿ ಬಿಡಿ, ಸೆಟ್ ಆಗುತ್ತೆ ಅಂದಿದ್ದಾರೆ. ಡೀಸೆಲ್ ದಂಡ ಅಲ್ವಾ?
— ಒಬ್ಬ ಓದುಗಾರ್ತಿ, ಕೆ.ಆರ್. ಪುರ

ಉತ್ತರ: ಡೀಸೆಲ್ ದಂಡ ಮಾತ್ರವಲ್ಲ ಅಮ್ಮಾ, ಎಂಜಿನ್‌ಗೂ ಒಳ್ಳೆಯದಲ್ಲ. ಹೊಸ ರಿಂಗ್‌ಗಳು ಬೋರಿನ ಗೋಡೆಗೆ ಒತ್ತಿಕೊಂಡು ಕೂರಬೇಕಾದರೆ ಸಿಲಿಂಡರಿನೊಳಗೆ ಒತ್ತಡ ಬೇಕು. ಲೋಡ್ ಇಲ್ಲದೆ ಗಂಟೆಗಟ್ಟಲೆ ಸ್ಲೋದಲ್ಲಿ ಓಡಿದರೆ ಗೋಡೆ ಗಾಜಿನ ಹಾಗೆ ನುಣುಪಾಗಿ, ರಿಂಗ್ ಕೂರದೆ, ಹೊಸ ಎಂಜಿನ್ನೂ ಆಯಿಲ್ ಕುಡಿಯಲು ಶುರು ಮಾಡುತ್ತದೆ. ಬಂದ ದಿನ ಹತ್ತು ನಿಮಿಷ ಓಡಿಸಿ, ಎಲ್ಲೂ ಸೋರುತ್ತಿಲ್ಲ ಅಂತ ನೋಡಿ, ಆಯಿಲ್ ಪ್ರೆಶರ್ ದೀಪ ಆರಿದೆಯಾ ನೋಡಿ, ಆಮೇಲೆ ರಸ್ತೆಗೆ ಇಳಿಸಿ. ಮೊದಲ 1,000 ಕಿ.ಮೀ. ಅರ್ಧ ಲೋಡ್ ಸಾಕು. ಒಂದೇ ಸ್ಪೀಡಿನಲ್ಲಿ ಹಿಡಿಯದೆ ಏರಿಳಿತ ಇರಲಿ, ಟಾಪ್ ಗೇರಿನಲ್ಲಿ ಎಳೆದಾಡಿಸಬೇಡಿ. ದಿನಾ ಬೆಳಿಗ್ಗೆ ನೀರು, ಆಯಿಲ್ ನೋಡಿ ನಿಮ್ಮ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ, ಎಷ್ಟು ಇಳಿಯಿತು ಅಂತ ಆಮೇಲೆ ಜಗಳವಿಲ್ಲದೆ ಹೇಳಬಹುದು. 500 ಮತ್ತು 1,000 ಕಿ.ಮೀ. ನಡುವೆ ಮೊದಲ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಆ ಇಳಿಸಿದ ಆಯಿಲ್ ಸುರಿದುಬಿಡಬೇಡಿ. ಒಂದು ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ ನೋಡಿ. ಕಣ್ಣಿಗೆ ಕಂಡೂ ಕಾಣದಷ್ಟು ನುಣ್ಣನೆ ಪುಡಿ ಇರುತ್ತದೆ, ಅದಕ್ಕೆ ಹೆದರಬೇಡಿ. ಹೊಳೆಯುವ ಚೂರು ಸಿಕ್ಕರೆ ಆ ಬಟ್ಟೆಯನ್ನು ಹಾಗೇ ಮಡಚಿ, ಬಿಲ್ ಜೊತೆ ಅದೇ ದಿನ ಮೇಸ್ತ್ರಿ ಹತ್ತಿರ ತೆಗೆದುಕೊಂಡು ಹೋಗಿ.